ಇದ್ರಾ ಇಲ್ವಾ ಅಂತ ಕೇಳೋಕೆ ಮುಂಚೆ, ಯಾರು ಯಾವಾಗ ಹೇಳಿದ್ರು ಅಂತ ಕೇಳಿ

ರಾಮ ಇದ್ನಾ, ಕೃಷ್ಣ ಇದ್ನಾ, ಏಸು ಇದ್ದದ್ದು ನಿಜಾನಾ, ಬುದ್ಧ ಒಬ್ಬ ಮನುಷ್ಯನಾ ಇಲ್ಲಾ ಆಮೇಲೆ ಕಟ್ಟಿದ ಕಥೆನಾ. ಈ ಮಾತು ಎಲ್ಲೇ ಬಂದ್ರೂ ಕೇಳೋರಿಗೆ ಒಂದೇ ಪದದ ಉತ್ತರ ಬೇಕಾಗಿರತ್ತೆ, ಇದ್ರು ಅಂದ್ರೆ ಒಂದು ಗುಂಪು ಗೆದ್ದ ಹಾಗೆ, ಇಲ್ಲ ಅಂದ್ರೆ ಇನ್ನೊಂದು ಗುಂಪು ಗೆದ್ದ ಹಾಗೆ, ಐದು ನಿಮಿಷದಲ್ಲಿ ಜಗಳ ಶುರುವಾಗಿ ಮೂಲ ಪ್ರಶ್ನೆ ಎಲ್ಲೋ ಹೋಗಿರತ್ತೆ. ನನಗೆ ಇದು ನಿಜವಾಗ್ಲೂ ಬೇಜಾರು ತರೋ ವಿಷಯ. ಯಾಕಂದ್ರೆ ಇಷ್ಟು ಒಳ್ಳೆ ಪ್ರಶ್ನೆ ಇನ್ನೊಂದಿಲ್ಲ, ಇದಕ್ಕೆ ಉತ್ತರ ಹುಡುಕ್ತಾ ಹೋದ್ರೆ ಈಜಿಪ್ಟ್, ಇರಾಕ್, ನೇಪಾಳ, ಚೀನಾ, ನಮ್ಮ ಐಹೊಳೆ ಎಲ್ಲಾ ಸುತ್ತಿ ಬರ್ಬೇಕು, ಆದ್ರೆ ಜನ ಅದನ್ನ ಹೌದು ಅಲ್ಲ ಅನ್ನೋ ಎರಡು ಪದಕ್ಕೆ ಇಳಿಸಿಬಿಡ್ತಾರೆ.

ನಾನು ದೇವರಿಗೆ ಕೈ ಮುಗಿಯೋನೇ, ಅದನ್ನ ಮೊದಲೇ ಹೇಳಿಬಿಡ್ತೀನಿ, ಇದು ಯಾರ ನಂಬಿಕೆನೂ ಕೀಳೋಕೆ ಬರೀತಿರೋದಲ್ಲ. ಆದ್ರೆ ನಂಬಿಕೆ ಬೇರೆ, "ಸೈನ್ಸ್ ಪ್ರೂವ್ ಮಾಡಿದೆ" ಅಂತ ಹೇಳೋದು ಬೇರೆ. ಎರಡನೇದು ಹೇಳೋದಾದ್ರೆ ಅದಕ್ಕೆ ಅದರದ್ದೇ ನಿಯಮ ಇದೆ, ಆ ನಿಯಮ ನಮ್ಮ ದೇವರಿಗೊಂದು ಬೇರೆಯವರ ದೇವರಿಗೊಂದು ಆಗೋಕಾಗಲ್ಲ.

ಮೊದಲನೇದಾಗಿ ಎಲ್ಲರನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ "ಇದ್ರಾ" ಅಂತ ಕೇಳೋದೇ ಸರಿ ಇಲ್ಲ. ಅಗ್ನಿ, ವರುಣ, ಈಜಿಪ್ಟಿನ ರಾ, ಗ್ರೀಕರ ಜ್ಯೂಸ್, ಇವರು ಯಾವತ್ತೋ ಒಂದು ಊರಲ್ಲಿ ಹುಟ್ಟಿ ಬೆಳೆದು ತೀರ್ಕೊಂಡ ಮನುಷ್ಯರು ಅಂತ ಪೂಜೆ ಮಾಡ್ತಿದ್ದವರಲ್ಲೇ ಹೆಚ್ಚಿನವರು ಹೇಳ್ತಿರ್ಲಿಲ್ಲ. ಟರ್ಕಿಯ ಬೋಗಜ್‌ಕೋಯ್‌ನಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಹಿಟ್ಟೈಟ್ ರಾಜನಿಗೂ ಮಿತನ್ನಿ ರಾಜನಿಗೂ ಆದ ಒಂದು ಒಪ್ಪಂದ ಇದೆ, ಕ್ರಿ.ಪೂ. 14ನೇ ಶತಮಾನದ್ದು, ಅದರಲ್ಲಿ ಸಾಕ್ಷಿಗಳ ಪಟ್ಟಿಯಲ್ಲಿ ಮಿತ್ರ, ವರುಣ, ಇಂದ್ರ, ನಾಸತ್ಯರು ಬರ್ತಾರೆ, ಅಂದ್ರೆ ನಮ್ಮ ಋಗ್ವೇದದ ದೇವರುಗಳೇ. ಮೈ ಜುಂ ಅನ್ಸೋ ವಿಷಯ ಅದು. ಆದ್ರೆ ಅದರಿಂದ ಸಾಬೀತಾಗೋದು ಇಂದ್ರ ಇದ್ದ ಅಂತಲ್ಲ, ಸುಮಾರು 3,400 ವರ್ಷದ ಹಿಂದೆ ಅಷ್ಟು ದೂರದಲ್ಲೂ ಇಂದ್ರನ ಮೇಲೆ ಆಣೆ ಇಡೋ ಜನ ಇದ್ರು ಅಂತ. ಈ ವ್ಯತ್ಯಾಸ ದಯವಿಟ್ಟು ತಲೇಲಿ ಇಟ್ಕೊಳಿ, ಮುಂದೆ ಪ್ರತಿಯೊಂದಕ್ಕೂ ಇದೇ ಬೇಕಾಗತ್ತೆ.

ಆದ್ರೆ ಎಷ್ಟೋ ಜನಕ್ಕೆ ಅಷ್ಟಕ್ಕೆ ಸಮಾಧಾನ ಆಗಲ್ಲ. "ಇಂದ್ರ ಅಂದ್ರೆ ಯಾವ್ದೋ ಹಳೇ ಕಾಲದ ರಾಜ ಇದ್ದಿರ್ಬೇಕು, ಆಮೇಲೆ ಜನ ದೇವರು ಮಾಡಿದ್ರು" ಅಂತಾರೆ. ಈ ಐಡಿಯಾ ಹೊಸದೇನಲ್ಲ, ಕ್ರಿ.ಪೂ. 300ರ ಹೊತ್ತಿಗೆ ಯೂಹೆಮೆರಸ್ ಅನ್ನೋ ಗ್ರೀಕ್ ಬರಹಗಾರ ಜ್ಯೂಸ್ ಒಬ್ಬ ಪುರಾತನ ರಾಜ, ಸತ್ತಮೇಲೆ ದೇವರಾದ ಅಂತ ಬರೆದ, ಕ್ರೀಟ್ ದ್ವೀಪದವರಂತೂ ಜ್ಯೂಸ್‌ನ ಸಮಾಧಿ ನಮ್ಮಲ್ಲೇ ಇದೆ ಅಂತ ಹೇಳ್ಕೋತಿದ್ರು. ಮುಂದೆ ಕ್ರೈಸ್ತ ಪಂಡಿತರು ಇದೇ ವಾದ ಹಿಡ್ಕೊಂಡು ನಿಮ್ಮ ದೇವರುಗಳೆಲ್ಲ ಸತ್ತ ಮನುಷ್ಯರು ಅಂತ ಗ್ರೀಕ್ ರೋಮನ್ ದೇವರುಗಳನ್ನ ತಳ್ಳಿಹಾಕಿದ್ರು. 13ನೇ ಶತಮಾನದಲ್ಲಿ ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ ಓಡಿನ್ ದೇವರನ್ನ ಏಷ್ಯಾದಿಂದ ವಲಸೆ ಬಂದ ಒಬ್ಬ ರಾಜ ಅಂತ ಬರೆದ. ಇವರ ಹತ್ರ ಯಾವ ಆಧಾರನೂ ಇರ್ಲಿಲ್ಲ, ಕಥೆಯಿಂದ ಪವಾಡ ತೆಗೆದ್ರು, ಉಳಿದಿದ್ದನ್ನ ಇತಿಹಾಸ ಅಂದ್ರು, ಅಷ್ಟೇ.

ಇವತ್ತಿಗೂ ನಾವು ಮಾಡ್ತಿರೋದು ಇದನ್ನೇ. ಹನುಮಂತ ಹಾರಿದ್ದು ಬಿಟ್ಬಿಡಿ, ಹತ್ತು ತಲೆ ಬಿಟ್ಬಿಡಿ, ಉಳಿದಿದ್ದು ನಡೆದಿರಬೇಕು ಅಂತೀವಿ. ಯಾಕೆ ನಡೆದಿರಬೇಕು? ನಂಬೋಕೆ ಆಗೋ ಹಾಗಿದೆ ಅನ್ನೋ ಒಂದೇ ಕಾರಣಕ್ಕೆ ಒಂದು ಘಟನೆ ನಡೆದಿದೆ ಅಂತ ಆಗಲ್ಲ. ಇದರ ಉಲ್ಟಾನೂ ಅಷ್ಟೇ ನಿಜ, ಪವಾಡ ಇದೆ ಅನ್ನೋ ಒಂದೇ ಕಾರಣಕ್ಕೆ ಆ ಮನುಷ್ಯನೇ ಇರ್ಲಿಲ್ಲ ಅಂತಾನೂ ಆಗಲ್ಲ. ಎರಡನೇ ತಪ್ಪನ್ನ ವಿಚಾರವಾದಿಗಳು ಅಂತ ಕರ್ಕೊಳೋರು ಜಾಸ್ತಿ ಮಾಡ್ತಾರೆ.

ಅದಕ್ಕೆ ನನಗೆ ಇಷ್ಟವಾದ ಉದಾಹರಣೆ ಇಮ್‌ಹೋಟೆಪ್. ಈಜಿಪ್ಟಿನಲ್ಲಿ ವೈದ್ಯ ದೇವತೆ, ರೋಗ ವಾಸಿಯಾಗ್ಲಿ ಅಂತ ಜನ ಹರಕೆ ಹೊರ್ತಿದ್ರು, ಪ್ಟಾ ದೇವರ ಮಗ ಅಂತಿದ್ರು, ಗ್ರೀಕರು ಬಂದಮೇಲೆ ತಮ್ಮ ವೈದ್ಯ ದೇವರು ಅಸ್ಕ್ಲೀಪಿಯಸ್ ಇವನೇ ಅಂತ ಸೇರಿಸ್ಕೊಂಡ್ರು. ಇಷ್ಟು ಕೇಳಿದ್ರೆ ಯಾರಾದ್ರೂ ಇದು ಶುದ್ಧ ಪುರಾಣ ಅಂತಾರೆ. ಆದ್ರೆ 1926ರಲ್ಲಿ ಸಕ್ಕಾರಾದಲ್ಲಿ ಜೋಸರ್ ಅನ್ನೋ ಫೇರೋನ ಒಂದು ವಿಗ್ರಹದ ಪೀಠ ಸಿಕ್ತು, ಕ್ರಿ.ಪೂ. 27ನೇ ಶತಮಾನದ್ದು, ಅದರ ಮೇಲೆ ರಾಜನ ಹೆಸರಿನ ಜೊತೆಗೇ ಇಮ್‌ಹೋಟೆಪ್ ಅನ್ನೋ ದೊಡ್ಡ ಅಧಿಕಾರಿಯ ಹೆಸರು, ಪದವಿಗಳು ಕೆತ್ತಿದ್ದಾರೆ. ಬದುಕಿದ್ದಾಗಲೇ ಕೆತ್ತಿದ್ದು. ಅಂದ್ರೆ ಮನುಷ್ಯ ಇದ್ದ, ಸಂಶಯನೇ ಇಲ್ಲ. ಪೂರ್ತಿ ದೇವರಾಗಿದ್ದು ಮಾತ್ರ ಎರಡು ಸಾವಿರ ವರ್ಷ ಆದಮೇಲೆ. ಚೀನಾದ ಗುವಾನ್ ಯು ಕೂಡ ಹಾಗೇ, ಕ್ರಿ.ಶ. 3ನೇ ಶತಮಾನದ ಶುರುವಿನಲ್ಲಿ ಸೆರೆ ಸಿಕ್ಕಿ ತಲೆ ಕಳ್ಕೊಂಡ ಒಬ್ಬ ಸೇನಾಧಿಪತಿ, ಇವತ್ತು ದೇವಸ್ಥಾನಗಳಲ್ಲಿ ಕೂತಿದ್ದಾನೆ. ಇನ್ನೊಂದು ಕಡೆ ಅಂಟಿನಸ್ ಅನ್ನೋ ಹುಡುಗ ಕ್ರಿ.ಶ. 130ರಲ್ಲಿ ನೈಲ್ ನದಿಯಲ್ಲಿ ಮುಳುಗಿ ಸತ್ತ, ರೋಮನ್ ಚಕ್ರವರ್ತಿ ಹೇಡ್ರಿಯನ್‌ಗೆ ಅವನ ಮೇಲೆ ಬಹಳ ಪ್ರೀತಿ, ತಕ್ಷಣವೇ ಅವನನ್ನ ದೇವರು ಮಾಡಿ ಅವನ ಹೆಸರಲ್ಲಿ ಒಂದು ನಗರನೇ ಕಟ್ಟಿಸಿದ. ಹಾಗಾಗಿ ಮನುಷ್ಯ ದೇವರಾಗೋಕೆ ಇಷ್ಟು ಸಮಯ ಬೇಕು ಅನ್ನೋ ಲೆಕ್ಕನೂ ಇಲ್ಲ.

ಹಾಗಾದ್ರೆ ಹೇಗೆ ತೀರ್ಮಾನ ಮಾಡೋದು? ನಾನು ಕೇಳೋದು ಒಂದೇ ಪ್ರಶ್ನೆ, ಈ ಹೆಸರನ್ನ ಮೊದಲು ಹೇಳಿದ್ದು ಯಾರು, ಆ ಮನುಷ್ಯ ಬದುಕಿದ್ದ ಅನ್ನೋ ಕಾಲದಿಂದ ಎಷ್ಟು ವರ್ಷ ಆದಮೇಲೆ ಹೇಳಿದ್ರು, ಹೇಳಿದವರಿಗೆ ಗೊತ್ತಾಗೋ ದಾರಿ ಏನಿತ್ತು.

ಬುದ್ಧನ ವಿಷಯ ತಗೊಳಿ. ನೇಪಾಳದ ಲುಂಬಿನಿಯಲ್ಲಿ ಅಶೋಕನ ಕಂಬ ಇದೆ, ಅದರ ಶಾಸನ 1896ರಲ್ಲಿ ಬೆಳಕಿಗೆ ಬಂತು, ಪಟ್ಟಾಭಿಷೇಕ ಆಗಿ ಇಪ್ಪತ್ತು ವರ್ಷ ಆದಮೇಲೆ ರಾಜ ಸ್ವತಃ ಬಂದು ಪೂಜೆ ಮಾಡಿದ, ಶಾಕ್ಯಮುನಿ ಬುದ್ಧ ಇಲ್ಲಿ ಹುಟ್ಟಿದ ಅಂತ ಕಲ್ಲಿನ ಕಂಬ ನಿಲ್ಲಿಸಿದ, ಊರಿಗೆ ಒಂದು ತೆರಿಗೆ ಪೂರ್ತಿ ಬಿಟ್ಟು ಬೆಳೆ ಪಾಲನ್ನ ಎಂಟನೇ ಒಂದು ಭಾಗಕ್ಕೆ ಇಳಿಸಿದ ಅಂತ ಅದರಲ್ಲಿದೆ. ಕ್ರಿ.ಪೂ. 249ರ ಹತ್ತಿರ ಅಂತ ಲೆಕ್ಕ. ಬುದ್ಧ ತೀರ್ಕೊಂಡಿದ್ದು ಕ್ರಿ.ಪೂ. 483 ಅಂತ ಒಂದು ಲೆಕ್ಕ, 400ರ ಆಸುಪಾಸು ಅಂತ ಇನ್ನೊಂದು, ಅಂದ್ರೆ ನೂರೈವತ್ತರಿಂದ ಇನ್ನೂರಮೂವತ್ತು ವರ್ಷದ ಅಂತರ. ಒಬ್ಬ ಚಕ್ರವರ್ತಿ ತೆರಿಗೆ ಬಿಡೋವಷ್ಟು ಗ್ಯಾರಂಟಿಯಾಗಿ ಜಾಗ ಗುರುತಿಸಿದ್ದ ಅಂದ್ರೆ ಇದು ಒಳ್ಳೆ ಸಾಕ್ಷಿನೇ. ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ. ಆದ್ರೆ ಅದೇ ಪ್ರದೇಶದಲ್ಲಿ ನಿಗಲಿ ಸಾಗರ ಅನ್ನೋ ಕಡೆ ಅಶೋಕಂದೇ ಇನ್ನೊಂದು ಕಂಬ ಇದೆ, ಅದರಲ್ಲಿ ಪಟ್ಟಾಭಿಷೇಕದ ಹದಿನಾಲ್ಕು ವರ್ಷದ ಮೇಲೆ ಕೋನಾಕಮನ ಬುದ್ಧನ ಸ್ತೂಪವನ್ನ ಎರಡು ಪಟ್ಟು ದೊಡ್ಡದು ಮಾಡಿಸಿದೆ ಅಂತಾನೆ. ಕೋನಾಕಮನ ಅಂದ್ರೆ ಗೌತಮನಿಗಿಂತ ಯುಗಗಳ ಹಿಂದೆ ಇದ್ದ ಅಂತ ಬೌದ್ಧರು ನಂಬೋ ಬುದ್ಧ, ಅವನ ಆಯಸ್ಸು ಮೂವತ್ತು ಸಾವಿರ ವರ್ಷ ಅಂತಾರೆ. ಅದೇ ರಾಜ, ಅದೇ ಥರದ ಕಂಬ, ಅದೇ ಶ್ರದ್ಧೆ. ಒಂದು ಕಂಬದಿಂದ ಬುದ್ಧ ಇದ್ದ ಅಂತ ಸಾಬೀತಾಗತ್ತೆ ಅಂದ್ರೆ ಇನ್ನೊಂದು ಕಂಬದಿಂದ ಕೋನಾಕಮನನೂ ಇದ್ದ ಅಂತ ಒಪ್ಪಬೇಕು!

ಇದನ್ನ ಮೊದಲ ಸಲ ಓದಿದಾಗ ನಾನು ತುಂಬಾ ಹೊತ್ತು ಯೋಚನೆ ಮಾಡಿದ್ದೆ. ಶಾಸನ ಅಂದ್ರೆ ಕಲ್ಲು, ಕಲ್ಲು ಸುಳ್ಳು ಹೇಳಲ್ಲ ಅಂತೀವಲ್ಲ, ಕಲ್ಲು ಸುಳ್ಳು ಹೇಳಲ್ಲ ನಿಜ, ಆದ್ರೆ ಅದು ಹೇಳೋದು ಕೆತ್ತಿಸಿದವನು ಏನು ನಂಬಿದ್ದ ಅನ್ನೋದನ್ನ ಮಾತ್ರ. ಹಾಗಂತ ಬುದ್ಧನ ಬಗ್ಗೆ ಸಂಶಯ ಇಟ್ಕೋಬೇಕಾಗಿಲ್ಲ, ಯಾಕಂದ್ರೆ ಅವನಿಗೆ ಬರೀ ಕಂಬ ಒಂದೇ ಆಧಾರ ಅಲ್ಲ. ಅವನ ಕಾಲದ ರಾಜರು ಬಿಂಬಿಸಾರ, ಅಜಾತಶತ್ರು ಜೈನರ ಗ್ರಂಥಗಳಲ್ಲೂ ಬರ್ತಾರೆ, ಬೌದ್ಧರ ಗ್ರಂಥಗಳಲ್ಲಿ ಮಹಾವೀರ ಎದುರಾಳಿ ಗುರುವಾಗಿ ಬರ್ತಾನೆ, ಒಬ್ಬರಿಗೊಬ್ಬರು ಆಗದ ಎರಡು ಪಂಥಗಳು ಬೇರೆ ಬೇರೆಯಾಗಿ ಇಟ್ಕೊಂಡ ನೆನಪು ಒಂದಕ್ಕೊಂದು ಹೊಂದತ್ತೆ. ಇನ್ನೊಂದು, ಬುದ್ಧ ಎಂಬತ್ತು ವರ್ಷಕ್ಕೆ ಹೊಟ್ಟೆ ಕೆಟ್ಟು, ಯಾರೋ ಬಡಿಸಿದ ಊಟದ ಆಮೇಲೆ ರಕ್ತಭೇದಿಯಾಗಿ ಸತ್ತ ಅಂತ ಅವನ ಶಿಷ್ಯರ ಪರಂಪರೆನೇ ಹೇಳತ್ತೆ. ದೇವರ ಥರ ಒಬ್ಬನನ್ನ ಕಲ್ಪಿಸಿ ಕಟ್ಟೋರು ಇಂಥ ಸಾವು ಕೊಡಲ್ಲ.

ಈ ಆಯಸ್ಸಿನ ಲೆಕ್ಕ ಹೇಳಿದ್ನಲ್ಲ, ಅದರಲ್ಲಿ ನನಗೆ ತುಂಬಾ ಕುತೂಹಲ ಹುಟ್ಟಿಸಿದ ಒಂದು ವಿಷಯ ಇದೆ. ಜೈನರ ಇಪ್ಪತ್ನಾಲ್ಕು ತೀರ್ಥಂಕರರನ್ನ ನೋಡಿ, ಮೊದಲನೆಯವರು ಋಷಭನಾಥ, ಆಯಸ್ಸು 84 ಲಕ್ಷ ಪೂರ್ವ, ಪೂರ್ವ ಅನ್ನೋದೇ ಎಣಿಸೋಕಾಗದಷ್ಟು ದೊಡ್ಡ ಅಳತೆ. ಇಪ್ಪತ್ತೆರಡನೆಯವರು ನೇಮಿನಾಥ, ಸಾವಿರ ವರ್ಷ. ಇಪ್ಪತ್ಮೂರನೆಯವರು ಪಾರ್ಶ್ವನಾಥ, ನೂರು ವರ್ಷ. ಕೊನೆಗೆ ಮಹಾವೀರ, 72 ವರ್ಷ. ಇತಿಹಾಸಕಾರರು ನಿಜವಾಗಿ ಇದ್ದವರು ಅಂತ ಒಪ್ಪೋದು ಕೊನೆಯ ಇಬ್ಬರನ್ನ, ಪಾರ್ಶ್ವನಾಥರ ಅನುಯಾಯಿಗಳ ವ್ರತದ ಸುಳಿವು ಬೌದ್ಧ ಗ್ರಂಥಗಳಲ್ಲೂ ಇದೆ. ಈಗ ಬೈಬಲ್ ತೆಗೀರಿ, ಮೆತೂಷೆಲ 969 ವರ್ಷ, ಅಬ್ರಹಾಮ 175, ಮೋಶೆ 120, ದಾವೀದ 70. ಸುಮೇರಿಯಾದ, ಅಂದ್ರೆ ಇವತ್ತಿನ ದಕ್ಷಿಣ ಇರಾಕಿನ, ಹಳೇ ರಾಜರ ಪಟ್ಟಿ ತೆಗೀರಿ, ಪ್ರಳಯಕ್ಕೆ ಮುಂಚೆ ದುಮುಜಿ 36,000 ವರ್ಷ ಆಳಿದ, ಪ್ರಳಯದ ಆಮೇಲೆ ಕೀಶ್ ನಗರದ ಎನ್ಮೆಬರಗೆಸಿ 900 ವರ್ಷ, ಗಿಲ್ಗಮೆಶ್ 126, ಅವನ ಮಗ ಬರೀ 30. ಮೂರು ಬೇರೆ ಬೇರೆ ಪರಂಪರೆಯಲ್ಲಿ ಒಂದೇ ಥರ, ಹಿಂದೆ ಹೋದಷ್ಟೂ ಆಯಸ್ಸು ಉಬ್ಬುತ್ತೆ, ನಮ್ಮ ಕಡೆ ಬಂದಷ್ಟೂ ಮನುಷ್ಯರ ಅಳತೆಗೆ ಇಳಿಯತ್ತೆ. ನೆನಪು ಎಲ್ಲಿ ಮುಗಿದು ಕಲ್ಪನೆ ಎಲ್ಲಿ ಶುರುವಾಗತ್ತೆ ಅಂತ ಆ ಪಟ್ಟಿಗಳೇ ತೋರಿಸ್ಕೊಡ್ತವೆ ಅನ್ನೋದು ನನ್ನ ಅಭಿಪ್ರಾಯ.

ಆದ್ರೆ ಗೆರೆ ಅಷ್ಟು ನೇರವಾಗೂ ಇಲ್ಲ, 900 ವರ್ಷ ಆಳಿದ ಅನ್ನೋ ಎನ್ಮೆಬರಗೆಸಿಯ ಹೆಸರು ಕಲ್ಲಿನ ಪಾತ್ರೆಗಳ ಚೂರಿನ ಮೇಲೆ ಸಿಕ್ಕಿದೆ, ಬಹಳಷ್ಟು ವಿದ್ವಾಂಸರು ಅವನು ನಿಜವಾದ ರಾಜನೇ ಅಂತಾರೆ. ಅವನ ಮಗ ಅಗ್ಗನ ಜೊತೆ ಗಿಲ್ಗಮೆಶ್ ಜಗಳ ಆಡಿದ ಅಂತ ಒಂದು ಸುಮೇರಿಯನ್ ಕವನ ಇದೆ, ಹಾಗಾಗಿ ಮೂರರಲ್ಲಿ ಎರಡು ಪಾಲು ದೇವರು ಒಂದು ಪಾಲು ಮನುಷ್ಯ ಅಂತ ಹೇಳೋ ಗಿಲ್ಗಮೆಶ್‌ನೂ ಉರುಕ್‌ನ ಒಬ್ಬ ರಾಜ ಇದ್ದಿರಬಹುದು. ಅಕ್ಕಾಡ್‌ನ ಸರ್ಗೋನ್ ಅಂತೂ ಇದ್ದೇ ಇದ್ದ, ಕ್ರಿ.ಪೂ. 24-23ನೇ ಶತಮಾನದ ದೊಡ್ಡ ರಾಜ. ಅವನನ್ನ ತಾಯಿ ಗುಟ್ಟಾಗಿ ಹೆತ್ತು ಬುಟ್ಟಿಯಲ್ಲಿಟ್ಟು ಟಾರು ಬಳಿದು ನದಿಗೆ ಬಿಟ್ಟಳು, ನೀರು ಸೇದೋನೊಬ್ಬ ಎತ್ತಿ ಸಾಕಿದ ಅಂತ ಕಥೆ. ಮೋಶೆಯ ಕಥೆನೂ ಅದೇ, ನಮ್ಮ ಕರ್ಣನ ಕಥೆನೂ ಅದೇ. ಕಥೆ ಮೂರಕ್ಕೂ ಒಂದೇ, ಆದ್ರೆ ಸರ್ಗೋನ್ ಇದ್ದ ಅಂತ ಕಥೆ ಇಲ್ಲದೆನೇ ಗೊತ್ತು, ಮೋಶೆಗೂ ಕರ್ಣನಿಗೂ ಕಥೆ ಬಿಟ್ರೆ ಹೊರಗಿನ ಸಾಕ್ಷಿ ಸಿಕ್ಕಿಲ್ಲ. ಈಜಿಪ್ಟಿನ ಮೆರ್ನೆಪ್ಟಾ ಶಾಸನದಲ್ಲಿ, ಕ್ರಿ.ಪೂ. 1208ರ ಸುಮಾರಿಂದು, ಇಸ್ರೇಲ್ ಅನ್ನೋ ಜನರ ಹೆಸರು ಮೊದಲ ಸಲ ಬರತ್ತೆ, ಆದ್ರೆ ಮೋಶೆಯ ಜೊತೆ ಲಕ್ಷಾಂತರ ಜನ ಈಜಿಪ್ಟ್ ಬಿಟ್ಟು ಮರುಭೂಮಿ ದಾಟಿದ ಕುರುಹು ಎಲ್ಲೂ ಇಲ್ಲ.

ಏಸು ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಈ ವಿಷಯದಲ್ಲಿ ಕೆಲಸ ಮಾಡೋ ವಿದ್ವಾಂಸರಲ್ಲಿ, ಧರ್ಮ ನಂಬದವರೂ ಸೇರಿ, ಬಹುತೇಕ ಎಲ್ಲರೂ ಅಂಥ ಮನುಷ್ಯ ಇದ್ದ ಅಂತಾನೇ ಹೇಳ್ತಾರೆ. ನನಗೆ ಗಟ್ಟಿ ಅನ್ಸೋ ಆಧಾರ ರೋಮನ್ ಇತಿಹಾಸಕಾರ ಟಾಸಿಟಸ್ ಅಲ್ಲ, ಅವನು ಬರೆದಿದ್ದು ಕ್ರಿ.ಶ. 116ರ ಹೊತ್ತಿಗೆ. ಗಟ್ಟಿ ಆಧಾರ ಅಂದ್ರೆ ಮೊದಮೊದಲ ಕ್ರೈಸ್ತ ಪ್ರಚಾರಕ ಪೌಲ ಗಲಾತ್ಯದವರಿಗೆ ಬರೆದ ಪತ್ರ. ಏಸು ಸತ್ತು ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ಬರೆದಿದ್ದು, ಅದರಲ್ಲಿ ಪೌಲ ನಾನು ಜೆರುಸಲೇಮಿಗೆ ಹೋಗಿ ಕರ್ತನ, ಅಂದ್ರೆ ಏಸುವಿನ, ಸಹೋದರ ಯಾಕೋಬನನ್ನ ನೋಡಿದೆ ಅಂತ ಬೇರೆ ಏನೋ ವಾದದ ಮಧ್ಯೆ ಹೇಳ್ಕೊಂಡು ಹೋಗ್ತಾನೆ. ಇಲ್ಲದ ಮನುಷ್ಯನಿಗೆ ಸಹೋದರ ಇರಲ್ಲ. ನೀರಿನ ಮೇಲೆ ನಡೆದದ್ದು, ಮತ್ತೆ ಎದ್ದು ಬಂದದ್ದು ಇದರಿಂದ ಸಾಬೀತಾಗಲ್ಲ, ಅದು ನಂಬೋರಿಗೆ ಬಿಟ್ಟಿದ್ದು. ಪ್ರವಾದಿ ಮುಹಮ್ಮದರ ವಿಷಯದಲ್ಲಿ ಅಂತರ ಇನ್ನೂ ಕಮ್ಮಿ, ಅವರು ತೀರ್ಕೊಂಡಿದ್ದು 632ರಲ್ಲಿ, 640ರ ಹೊತ್ತಿನ ಒಂದು ಸಿರಿಯಾಕ್ ಭಾಷೆಯ ಕ್ರೈಸ್ತ ಬರಹದಲ್ಲಿ ಅವರ ಹೆಸರಿದೆ.

ಚೀನಾದ ಲಾವೋತ್ಸೆ ಅನ್ನೋ ಜ್ಞಾನಿ ಬಗ್ಗೆ ಒಂದು ಮಾತು ಹೇಳಲೇಬೇಕು. ಕ್ರಿ.ಪೂ. 100ರ ಸುಮಾರಿಗೆ ಸಿಮಾ ಚಿಯೆನ್ ಅನ್ನೋ ಇತಿಹಾಸಕಾರ ಅವನ ಜೀವನ ಬರೆಯೋಕೆ ಕೂತು, ಇವನಿರಬಹುದು, ಅಲ್ಲ ಅವನಿರಬಹುದು ಅಂತ ಬೇರೆ ಬೇರೆ ಹೆಸರು ಕೊಟ್ಟು, ಕೆಲವರು ಹೀಗಂತಾರೆ ಕೆಲವರು ಅಲ್ಲ ಅಂತಾರೆ ಅಂತ ಹಾಗೇ ಬರೆದಿಟ್ಟ. ತನ್ನ ದೇಶದ ದೊಡ್ಡ ಜ್ಞಾನಿ ಬಗ್ಗೆ ಎರಡು ಸಾವಿರ ವರ್ಷದ ಹಿಂದೆನೇ ಅಷ್ಟು ಪ್ರಾಮಾಣಿಕವಾಗಿ ಬರೆಯೋಕಾಯ್ತು ಅಂದ್ರೆ ನನಗೆ ಅವನ ಮೇಲೆ ತುಂಬಾ ಗೌರವ.

ಈಗ ಮಹಾಭಾರತ, ಕೃಷ್ಣ. ಇಲ್ಲಿ ನಮ್ಮವರು ಮೊದಲು ತೋರಿಸೋದು ಜಾಗಗಳನ್ನ. ದ್ವಾರಕೆ ಸಮುದ್ರದಲ್ಲಿ ಸಿಕ್ಕಿದೆ, ಹಸ್ತಿನಾಪುರ ಅಗೆದಾಗ ಸಿಕ್ಕಿದೆ ಅಂತ. ಹೌದು, ಎಸ್. ಆರ್. ರಾವ್ ಅವರ ತಂಡ 1980ರ ದಶಕದಲ್ಲಿ ದ್ವಾರಕೆಯ ಹತ್ತಿರ ಸಮುದ್ರದೊಳಗೆ ಕಲ್ಲಿನ ಕಟ್ಟಡದ ಭಾಗಗಳು, ಲಂಗರು ಕಲ್ಲುಗಳನ್ನ ಪತ್ತೆ ಮಾಡಿತ್ತು. ಬಿ. ಬಿ. ಲಾಲ್ 1950-52ರಲ್ಲಿ ಹಸ್ತಿನಾಪುರ ಅಗೆದು ಬೂದು ಬಣ್ಣದ ಚಿತ್ರ ಬರೆದ ಮಡಕೆಗಳ ಕಾಲದ ಊರು, ಗಂಗೆಯ ಪ್ರವಾಹದಿಂದ ಆ ಊರು ಹಾಳಾದ ಗುರುತು ಕಂಡಿದ್ರು. ದೊಡ್ಡ ಕೆಲಸನೇ. ಆದ್ರೆ ಊರು ಸಿಕ್ಕಿದ್ರೆ ಊರಿತ್ತು ಅಂತ ಅರ್ಥ. 1870ರ ದಶಕದಲ್ಲಿ ಷ್ಲೀಮನ್ ಟ್ರಾಯ್ ನಗರ ಅಗೆದ, ನಗರ ಇತ್ತು, ಅದರಿಂದ ಟ್ರಾಯ್ ಯುದ್ಧದ ಕಥೆಯ ವೀರ ಅಕಿಲೀಸ್ ಇದ್ದ ಅಂತ, ಅವನ ತಾಯಿ ಸಮುದ್ರದ ದೇವತೆ ಅಂತ ಯಾರೂ ಒಪ್ಪಲ್ಲ. ಇವತ್ತಿನ ಕಾದಂಬರಿನೂ ನಿಜವಾದ ಊರಿನ ಹೆಸರಲ್ಲೇ ನಡೆಯತ್ತಲ್ವಾ.

ಎರಡನೇದು ಗ್ರಹಗತಿ ಸಾಫ್ಟ್‌ವೇರ್. ಮಹಾಭಾರತದಲ್ಲಿ ಹೇಳಿರೋ ಗ್ರಹಣ, ನಕ್ಷತ್ರ ಹಾಕಿ ಯುದ್ಧದ ತಾರೀಖು ತೆಗೀತಾರೆ. ಒಬ್ಬರಿಗೆ ಕ್ರಿ.ಪೂ. 5561 ಬರತ್ತೆ, ಇನ್ನೊಬ್ಬರಿಗೆ 3067 ಬರತ್ತೆ, ಓದಿರೋದು ಒಂದೇ ಗ್ರಂಥ. ಎರಡೂವರೆ ಸಾವಿರ ವರ್ಷದ ವ್ಯತ್ಯಾಸ ಬರೋ ವಿಧಾನದಿಂದ ಏನೂ ಸಾಬೀತಾಗಲ್ಲ, ಯಾವ ಶ್ಲೋಕ ತಗೋಬೇಕು ಯಾವುದು ಬಿಡಬೇಕು ಅಂತ ತೀರ್ಮಾನ ಮಾಡಿದಾಗಲೇ ಉತ್ತರನೂ ತೀರ್ಮಾನ ಆಗಿರತ್ತೆ. ರಾಮ ಹುಟ್ಟಿದ ದಿನಕ್ಕೆ ಕ್ರಿ.ಪೂ. 5114 ಅಂತ ಓಡಾಡೋ ತಾರೀಖೂ ಹೀಗೇ ಬಂದಿದ್ದು.

ನಮ್ಮ ಹಿಂದಿನವರೇ ಈ ವಿಷಯದಲ್ಲಿ ಒಂದೇ ಮಾತು ಹೇಳಿಲ್ಲ, ಇದನ್ನ ನಾವು ಮರೆತೇಬಿಟ್ಟಿದೀವಿ. ಐಹೊಳೆಯ ಮೇಗುತಿ ಗುಡಿಯಲ್ಲಿ ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಶಾಸನ ಇದೆಯಲ್ಲ, ಕ್ರಿ.ಶ. 634ರದ್ದು, ಅದರಲ್ಲಿ ಭಾರತ ಯುದ್ಧ ಆಗಿ 3,735 ವರ್ಷ ಆಯ್ತು ಅಂತ ಇದೆ, ಅಂದ್ರೆ ಕ್ರಿ.ಪೂ. 3102ರ ಹೊತ್ತಿಗೆ ಯುದ್ಧ. ಅದಕ್ಕಿಂತ ನೂರು ವರ್ಷ ಹಿಂದೆ ವರಾಹಮಿಹಿರ ಯುಧಿಷ್ಠಿರನ ಕಾಲ ಶಕ ವರ್ಷ ಶುರುವಾಗೋಕೆ 2,526 ವರ್ಷ ಮುಂಚೆ ಅಂದಿದ್ದ, ಅಂದ್ರೆ ಕ್ರಿ.ಪೂ. 2448ರ ಹತ್ತಿರ, ಕಾಶ್ಮೀರದ ಕಲ್ಹಣ 12ನೇ ಶತಮಾನದಲ್ಲಿ ಇದನ್ನೇ ಹಿಡಿದು ಕಲಿಯುಗ ಶುರುವಾಗಿ 653 ವರ್ಷದ ಮೇಲೆ ಯುದ್ಧ ಅಂತ ಬರೆದ. ಪುರಾಣಗಳಲ್ಲಿ ಪರೀಕ್ಷಿತ ಹುಟ್ಟಿದಾಗಿಂದ ಮಗಧದ ರಾಜ ನಂದನ ಪಟ್ಟಾಭಿಷೇಕದವರೆಗೆ ಸಾವಿರದೈವತ್ತು ವರ್ಷ ಅಂತ ಒಂದು ಪಾಠ, ಅದು ಕ್ರಿ.ಪೂ. 1400ಕ್ಕೆ ಬರತ್ತೆ. ಮೂರೂ ನಮ್ಮದೇ ಪರಂಪರೆ, ಮೂರೂ ಬೇರೆ. ರವಿಕೀರ್ತಿ ಅಂಥ ದೊಡ್ಡ ಕವಿ, ಅವನು ಬರೆದ ಮಾತ್ರಕ್ಕೆ ಅವನಿಗೆ 3,735 ವರ್ಷದ ಹಿಂದಿನದು ಗೊತ್ತಿತ್ತು ಅಂತಲ್ಲ, ಅವನ ಕಾಲದ ಪಂಡಿತರ ಲೆಕ್ಕ ಅದು.

ಗಟ್ಟಿಯಾದ ಆಧಾರ ಏನಿದೆ ಅಂದ್ರೆ ಅದು ಇಷ್ಟು ನಾಟಕೀಯವಾಗಿಲ್ಲ, ಆದ್ರೆ ನನಗೆ ಅದೇ ಇಷ್ಟ. ಪರೀಕ್ಷಿತ ಅನ್ನೋ ಕುರು ರಾಜನನ್ನ ಅಥರ್ವವೇದ ಹೊಗಳತ್ತೆ, ಅವನ ರಾಜ್ಯದಲ್ಲಿ ಜನ ಸುಖವಾಗಿದ್ರು ಅಂತ. ಅವನ ಮಗ ಜನಮೇಜಯ ಅಶ್ವಮೇಧ ಮಾಡಿದ್ದು ಶತಪಥ ಬ್ರಾಹ್ಮಣದಲ್ಲಿದೆ. ಹಾಗಾಗಿ ಕುರುಗಳು ಇದ್ರು. ಆದ್ರೆ ಪಾಂಡವರು ಅನ್ನೋ ಹೆಸರು ವೇದಗಳಲ್ಲಿ ಇಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ದೇವಕೀಪುತ್ರ ಕೃಷ್ಣ ಅಂತ ಒಬ್ಬ ಬರ್ತಾನೆ, ಘೋರ ಆಂಗಿರಸನ ಹತ್ತಿರ ಉಪದೇಶ ಕೇಳಿದ ಶಿಷ್ಯ, ಅಲ್ಲಿ ಅವನು ದೇವರಲ್ಲ. ಇವನೇ ಅವನಾ ಅಂತ ವಿದ್ವಾಂಸರಲ್ಲಿ ಒಮ್ಮತ ಇಲ್ಲ, ತಾಯಿ ಹೆಸರೂ ಸೇರಿ ಹೊಂದೋದು ಬರೀ ಕಾಕತಾಳೀಯ ಅಂತ ನನಗೆ ಅನ್ಸಲ್ಲ. ಪಾಣಿನಿ ವಾಸುದೇವ ಮತ್ತು ಅರ್ಜುನನ ಭಕ್ತರಿಗೆ ಏನಂತ ಕರೀಬೇಕು ಅಂತ ಸೂತ್ರನೇ ಬರೆದಿದ್ದಾನೆ, ಅಂದ್ರೆ ಆ ಹೊತ್ತಿಗೆ ಇಬ್ಬರಿಗೂ ಭಕ್ತರಿದ್ರು. ಕ್ರಿ.ಪೂ. 300ರ ಸುಮಾರಿಗೆ ಗ್ರೀಕ್ ರಾಯಭಾರಿ ಮೆಗಸ್ತನೀಸ್ ಮಥುರೆಯ ಶೂರಸೇನರು ಹೆರಾಕ್ಲಿಸ್ ಅನ್ನೋ ಗ್ರೀಕ್ ವೀರನ ಪೂಜೆ ಮಾಡ್ತಾರೆ ಅಂತ ಬರೆದ, ಅದು ಕೃಷ್ಣನೇ ಅಂತ ತುಂಬಾ ಜನ ಒಪ್ತಾರೆ. ಕ್ರಿ.ಪೂ. 180ರ ಹೊತ್ತಿಗೆ ಅಗಥೋಕ್ಲಿಸ್ ಅನ್ನೋ ಗ್ರೀಕ್ ರಾಜ ಚಕ್ರ ಹಿಡಿದ ವಾಸುದೇವ, ನೇಗಿಲು ಹಿಡಿದ ಸಂಕರ್ಷಣ (ಬಲರಾಮ) ಇರೋ ನಾಣ್ಯ ಹೊರಡಿಸಿದ, ಅವು ಅಫ್ಘಾನಿಸ್ತಾನದ ಐ ಖಾನುಮ್‌ನಲ್ಲಿ ಸಿಕ್ಕಿವೆ. ಅದೇ ಶತಮಾನದ ಕೊನೆಗೆ ತಕ್ಷಶಿಲೆಯಿಂದ ಬಂದ ಗ್ರೀಕ್ ರಾಯಭಾರಿ ಹೆಲಿಯೋಡೋರಸ್ ವಿದಿಶಾದ ಹತ್ತಿರ ದೇವದೇವ ವಾಸುದೇವನಿಗೆ ಗರುಡಗಂಬ ನಿಲ್ಲಿಸಿದ.

ಇದರಲ್ಲಿ ಒಂದು ದಾರಿ ಕಾಣತ್ತೆ, ಮೊದಲು ಶಿಷ್ಯ, ಆಮೇಲೆ ಯಾದವರ ವೃಷ್ಣಿ ಕುಲದ ವೀರ, ಆಮೇಲೆ ದೇವದೇವ. ಹಾಗಾಗಿ ಕೃಷ್ಣ ಅನ್ನೋ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದ ಅಂತ ನಾನು ನಂಬ್ತೀನಿ, ನನಗೆ ಆಧಾರದ ತೂಕ ಆ ಕಡೆಗೇ ಕಾಣತ್ತೆ. ಆದ್ರೆ ಯುದ್ಧದ ತಾರೀಖು, ಗೀತೆ ಹೇಳಿದ ದಿನ, ಇದನ್ನೆಲ್ಲ ಯಾರಾದ್ರೂ ಖಚಿತವಾಗಿ ಹೇಳಿದ್ರೆ ಒಪ್ಪಲ್ಲ.

"ಸಾಕ್ಷಿ ಇಲ್ಲ ಅಂದ್ರೆ ಇರ್ಲಿಲ್ಲ ಅಂತಾನೇ ಅಲ್ವಾ" ಅಂತ ಕೇಳೋರಿಗೂ ಒಂದು ಮಾತು ಹೇಳ್ಬೇಕು. ಬಸವಣ್ಣನವರು ಇದ್ರು ಅನ್ನೋದ್ರಲ್ಲಿ ಯಾರಿಗೂ ಸಂಶಯ ಇಲ್ಲ, ಬರೀ 850 ವರ್ಷದ ಹಿಂದಿನವರು, ರಾಜನ ಭಂಡಾರ ನೋಡ್ಕೊಂಡವರು, ಅವರ ವಚನಗಳು ನಮ್ಮ ಬಾಯಲ್ಲೇ ಇವೆ. ಆದ್ರೂ ಅವರ ವಿಷಯಕ್ಕೆ ವಿದ್ವಾಂಸರು ಹೆಚ್ಚಾಗಿ ಎತ್ತಿ ತೋರಿಸೋ ಶಾಸನ 1260ರ ಅರ್ಜುನವಾಡದ್ದು, ಅವರ ಕಾಲಕ್ಕಿಂತ ಸುಮಾರು ನೂರು ವರ್ಷ ಆಮೇಲಿನದು. ಏಸುವಿಗೆ ಶಿಲುಬೆ ಶಿಕ್ಷೆ ಕೊಟ್ಟ ಪಿಲಾತ ಹತ್ತು ವರ್ಷ ಯೂದಾಯ ಪ್ರಾಂತ ಆಳಿದ ಅಧಿಕಾರಿ, ಅವನ ಹೆಸರಿರೋ ಕಲ್ಲು ಸಿಕ್ಕಿದ್ದು 1961ರಲ್ಲಿ. ಅಧಿಕಾರದಲ್ಲಿ ಇದ್ದವರ ಕಥೆನೇ ಹೀಗಾದ್ರೆ ಕಾಲ್ನಡಿಗೆಯಲ್ಲಿ ಊರೂರು ತಿರುಗಿದ ಗುರುವಿನ ಶಾಸನ ಎಲ್ಲಿ ಹುಡುಕೋದು? ನಮ್ಮಲ್ಲಿ ಇನ್ನೂ ಕಷ್ಟ, ಸಿಂಧೂ ಲಿಪಿ ಇವತ್ತಿಗೂ ಓದೋಕೆ ಬಂದಿಲ್ಲ, ಅದು ಮರೆಯಾದ ಮೇಲೆ ಬ್ರಾಹ್ಮಿ ಬರೋವರೆಗೆ ಸಾವಿರ ವರ್ಷಕ್ಕೂ ಜಾಸ್ತಿ ಓದೋಕಾಗೋ ಒಂದು ಸಾಲು ಬರಹನೂ ಇಲ್ಲ. ಕೃಷ್ಣನೋ ರಾಮನೋ ಇದ್ದಿದ್ರೆ ಆ ಅಂತರದಲ್ಲೇ ಇದ್ದಿರಬೇಕು. ಶಾಸನ ಇರೋಕೆ ಸಾಧ್ಯನೇ ಇಲ್ಲದ ಕಾಲದಲ್ಲಿ ಶಾಸನ ಇಲ್ಲ ಅಂತ ವಾದ ಮಾಡೋದು ನ್ಯಾಯ ಅಲ್ಲ.

ರಾಮನ ವಿಷಯ ಕೃಷ್ಣನಿಗಿಂತ ಕಷ್ಟ, ಅದನ್ನೂ ಹೇಳ್ತೀನಿ. ವಿದೇಹದ ಜನಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನ ಜೊತೆ ಚರ್ಚೆ ಮಾಡೋ ರಾಜ, ಆದ್ರೆ ಅಲ್ಲಿ ಸೀತೆಯೂ ಇಲ್ಲ ರಾಮನೂ ಇಲ್ಲ. ಇಕ್ಷ್ವಾಕು ಅನ್ನೋ ಹೆಸರು ಋಗ್ವೇದದಲ್ಲಿ ಒಂದು ಕಡೆ ಬರತ್ತೆ, ಅಯೋಧ್ಯೆಯ ಜೊತೆ ಜೋಡಿಸಿಲ್ಲ. ಬೌದ್ಧರ ಜಾತಕ ಕಥೆಯಲ್ಲಿ ದಶರಥ ಕಾಶಿಯ ರಾಜ, ಅಯೋಧ್ಯೆಯವನಲ್ಲ, ರಾವಣನ ಸುದ್ದಿನೇ ಇಲ್ಲ. ಅಂದ್ರೆ ರಾಜ್ಯ ಬಿಟ್ಟು ಕಾಡಿಗೆ ಹೋದ ರಾಜಕುಮಾರನ ಕಥೆ ಬೇರೆ ಬೇರೆ ರೂಪದಲ್ಲಿ ತುಂಬಾ ಹಿಂದಿಂದ ಜನರ ಬಾಯಲ್ಲಿತ್ತು ಅನ್ನೋವಷ್ಟು ಹೇಳಬಹುದು. ಕೋಸಲ ರಾಜ್ಯ ಇತ್ತು, ವಿದೇಹ ಇತ್ತು, ಎರಡೂ ಅಕ್ಕಪಕ್ಕ ಇದ್ವು, ಅವುಗಳ ಮಧ್ಯೆ ಮದುವೆ ಸಂಬಂಧ ನಡೆದಿರೋದು ಸಹಜ. ಇದರ ಕೆಳಗೆ ಒಬ್ಬ ನಿಜವಾದ ರಾಜಕುಮಾರ ಇದ್ದಿರಬಹುದು ಅಂತ ನನ್ನ ಮನಸ್ಸು ಹೇಳತ್ತೆ, ಆದ್ರೆ ಕೃಷ್ಣನ ವಿಷಯದಲ್ಲಿ ನಂಬ್ತೀನಿ ಅಂದ ಹಾಗೆ ಇಲ್ಲಿ ಹೇಳೋಕೆ ಆಧಾರ ಸಾಲಲ್ಲ. ನಾನು ರಾಮನಿಗೆ ಕೈ ಮುಗಿಯೋದಕ್ಕೆ ಕೋಸಲದ ದಾಖಲೆ ಯಾವತ್ತೂ ಬೇಕಾಗಿರ್ಲಿಲ್ಲ, ಹಾಗಾಗಿ ಆಧಾರ ಸಾಲಲ್ಲ ಅಂತ ಹೇಳೋಕೆ ನನಗೆ ಭಯನೂ ಇಲ್ಲ.